ಮಂಗಳವಾರದ ನೊಣ

ಮಂಗಳವಾರ, ಅಂಗಡಿ ಬಂದ್.
ಬ್ಯಾರೇದವರು ನೊಣ ಹೊಡಕೊಂತ ಕುಂದರತಾರ,
ನಾ ನೊಣ ಕಟಗೊಂತ ಕುಂತೀನಿ.

ಬಾ ಗುರುಬಾಯಿ, ತಮ್ಮನ ಕಟಿಂಗ್ ನಾಳೆ.
ಇವತ್ತ ಈ ಸ್ಟೂಲಿನ ಮ್ಯಾಲೆ ಕುಂದ್ರು,
ಕಿಟಕಿ ಬೆಳಕು ಎಡಗೈ ಮ್ಯಾಲೆ ಬೀಳೂ ಹಂಗ.

ಇದಕ್ಕ ಒಣ ನೊಣ ಅಂತಾರ.
ನೀರಿನ ಮ್ಯಾಲೆ ಕುಂತರೂ ತೋಯಬಾರದು, ಅದಕ್ಕ.
ಹೆಸರಿಗೆ ನೊಣ, ನಾ ಕಟ್ಟೂದು ಮಿಡತಿ:
ಘಟಪ್ರಭೆ ದಂಡಿಗೆ ಕಬ್ಬು ಕಡಿಯೂ ಮುಂದ
ರವದಿಯಿಂದ ಜಿಗದು, ಲೆಕ್ಕ ತಪ್ಪಿ,
ನೀರಿಗೆ ಬೀಳತಾವಲ್ಲ, ಅಂಥಾದು.
ಕಲಿಸಿದಾವ ಬೆಳ್ಳುಬ್ಬಿ ಓವರ್‌ಸೀರ.
ಹನ್ನೊಂದು ವರ್ಷ ನನ್ನ ಕಡೆ ದಾಡಿ ಮಾಡಿಸಿಕೊಂಡು
ವರ್ಗ ಆದ ದಿನ ಉದ್ರಿ ತೀರಿಸಲಿಲ್ಲ,
ಒಂದು ಡಬ್ಬಿ ಗಾಳ ಇಟ್ಟು ಹ್ವಾದ.

ಕೂದಲಾ ನನ್ನ ಕಸುಬು ಅಂತ ಮೆರದೆ ಮೊದಲಿಗೆ.
ನೆಲದ ಮ್ಯಾಲಿಂದು ಗುಡಿಸಿ ಕಟ್ಟಿದೆ,
ಮಾಸ್ತರಂದು, ಮೆಂಬರಂದು, ಹೊಸ ಮದಿಮಗಂದು.
ಎಲ್ಲಾ ಮುಳುಗಿದವು.
ಮುಧೋಳ ನಾಯಿ ಊರಿಗೆ ಹೆಸರು ತಂದೈತಿ ಖರೇ,
ಮೈಮ್ಯಾಲೆ ಚಿಮಟಿಗೆ ಸಿಗೂವಷ್ಟು ರೋಮ ಇಲ್ಲ.
ಕಡೀಕ ಕಾಶಿಂಬಿಯ ಹೋತದ ಗಡ್ಡಕ್ಕ ಕೈ ಹಾಕಿದೆ.
ನಲವತ್ತು ವರ್ಷದಾಗ
ಅಷ್ಟು ಮರ್ಯಾದೀಲೆ ಕುಂತ ಗಿರಾಕಿ ನಾ ಕಂಡಿಲ್ಲ.
“ಬರೇ ಗಡ್ಡ ಅಲ್ಲೇನ, ಅರ್ಧಾ ರೇಟು” ಅಂದ ಕಾಶಿಂಬಿ
ನನ್ನ ಕಡೆನ ರೊಕ್ಕಾ ಇಸಕೊಂಡ್ಲು.

ಹೋತದ್ದೂ ತಾನಾಗಿ ತೇಲೂದಿಲ್ಲ.
ಬಿರುಸೈತಿ, ಜೇನಮೇಣ ಹಿಡೀತೈತಿ, ಅಷ್ಟ.
ಅದಕ್ಕ ಬೆನ್ನಿಗೆ ಹವಾಯಿ ಚಪ್ಪಲಿಯ ಸೀಳು ಕೊಟ್ಟೀನಿ.

ಬೆಂಕಿಕಡ್ಡಿ ದಪ್ಪಷ್ಟು ಕೂದಲಾ ಹಿಡಿ, ಹೆಚ್ಚು ಬ್ಯಾಡ.
ಬುಡದಾಗಿನ ತುಪ್ಪಟ ಬಾಚಿ ತಗಿ, ನೀರು ಕುಡಿಯೂದು ಅದ.
ಪೆನ್ನಿನ ಟೊಪಗಿಯೊಳಗ ತಲಿಕೆಳಗ ಇಳಿಸಿ
ಹಲಗಿ ಮ್ಯಾಲೆ ಟಕ್ ಟಕ್ ಬಡಿ,
ತುದಿ ಎಲ್ಲಾ ಒಂದ ಸಮ.
ದಾರ ಗುಳೇದಗುಡ್ಡದ್ದು, ಖಣ ನೇಯೂ ರೇಷ್ಮಿ ಎಳಿ.
ಎರಡು ಸುತ್ತು ಸಡಲ. ಮೂರನೇದಕ್ಕ ಜಗ್ಗು.
ಎಡಗೈ ಚಿಮುಟು ಬಿಡಬ್ಯಾಡ, ಬಿಟ್ಟರ
ಬಿಟ್ಟಿ.
ಗಾಳದ ಸುತ್ತೂ ತಿರಗಿ ಕುಂತಿತು ನೋಡು.
ಇರಲಿ, ಬಿಚ್ಚು.
ನನ್ನ ಮೊದಲನೇ ಮಿಡತಿಗೆ ಹೊಟ್ಟಿ ಕೆಳಗ ಗಡ್ಡ ಬಂದಿತ್ತು.

ಕಾಲು ಇನ್ನ. ಹಳೇ ಚಡ್ಡಿ ಇಲಾಸ್ಟಿಕ್ ಬಿಚ್ಚಿದರ
ಒಳಗ ಸಣ್ಣ ಸಣ್ಣ ರಬ್ಬರ ಎಳಿ.
ಈ ಮಗ್ಗಲಿಗೊಂದು, ಆ ಮಗ್ಗಲಿಗೊಂದು,
ನಡುಕ್ಕ ದಾರ ಗುಣಾಕಾರದ ಗುರುತಿನಂಗ ದಾಟಿಸು.
ಗಂಟಲಾ ಹಿಚುಕಿದಂಗ ಬಿಗೀಬ್ಯಾಡ, ಕಾಲು ಸೆಟಿತಾವ.
ಎಳದು ಹಿಡದು ಕತ್ತರಿ ಹಾಕಬ್ಯಾಡ,
ಬಿಟ್ಟ ಮ್ಯಾಲೆ ಗಿಡ್ಡ ಆಗತೈತಿ;
ಗುಂಗುರು ಕೂದಲಾ ತೋಯಿಸಿ ಜಗ್ಗಿ ಕತ್ತರಿಸಿ
ನಾ ಬೈಸಿಕೊಂಡಿದ್ದು ಸಾಕು.
ಉದ್ದ ಇರಲಿ. ಉದ್ದಿದ್ದರ ನಾಳೆ ಕತ್ತರಿಸಬಹುದು.
ಗಾಳದ ಕಣ್ಣಿನ ಮ್ಯಾಲೆ ಕೂದಲಾ ಬಿಡಬ್ಯಾಡ,
ನೂಲು ಪೋಣಿಸೂ ಮುಂದ ಸಂಜಿಮುಂದ ಅಳತಿ.

ಗಂಟು ಹಾಕಿ ದಾರ ಹಲ್ಲೀಲೆ ಕಡದ್ಲು ಹುಡುಗಿ,
ಥೂ ಅಂತ ಒಂದು ಕೂದಲಾ ತಗದು
“ಮಾಮಾ, ಹೋತ ಉಪ್ಪೈತಿ” ಅಂದ್ಲು.

ಹೊತ್ತು ಇಳಿಯೂ ಮುಂದ ಹೊಳಿಗೆ ಹ್ವಾದಿವಿ.
ವಾರಿ ಆಗಿತ್ತು ಮಿಡತಿ, ಎಡಕ್ಕ ತೂಗಿ ಕುಂತಿತ್ತು,
ಆದ್ರ ಕುಂತಿತ್ತು. ನೀರು ಅದನ್ನ ಹೊತಗೊಂಡು ನಡದಿತ್ತು,
ನಾಕೂ ಕಾಲು ತಾವ ನಡಗತಿದ್ದವು.
ಕಬ್ಬಿನ ನೆರಳಾಗಿಂದ ಒಂದು ಮೀನ ಎದ್ದು ಬಂತು,
ಕೆಳಗ ನಿಂತು ನೋಡತು, ಮತ್ತ ನೋಡತು,
ಕನ್ನಡಿಯೊಳಗ ಗದ್ದ ಸವರಿಕೊಂಡು
ನಾಳಿ ಬರತೀನಿ ಅನ್ನೂ ಗಿರಾಕಿ ಹಂಗ
ಹೊಳ್ಳಿ ಹೋತು.

ಗುರುಬಾಯಿ ಉಸರು ಬಿಡಲಿಲ್ಲ.
ಕೈ ಚಾಚಿ ಕತ್ತರಿ ಕೇಳಿದ್ಲು.