ಮೂರೇ ಬಣ್ಣ

ಈ ಸಲ ಮೂರೇ ಬಣ್ಣ ಎಂದುಕೊಂಡೆ:
ಗೋಪಿ ಹಳದಿ, ಕಪ್ಪು, ಬಿಳಿ.
ನೀಲಿಯ ಟ್ಯೂಬನ್ನು ಅಡುಗೆಮನೆಯ ಡ್ರಾಯರಿನಲ್ಲಿ
ಚಮಚಗಳ ಕೆಳಗೆ ಬಚ್ಚಿಟ್ಟೆ.
ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರುವುದಿಲ್ಲ.

ಅಮ್ಮನಿಗಿಂತ ನಮ್ಮೂರಿಗೆ ವಯಸ್ಸು ಕಡಿಮೆ.
ಕಡಲಿಗೆ ಒಡ್ಡು ಕಟ್ಟಿ, ನೀರು ಬಸಿದು,
ತಳಕ್ಕೆ ಸ್ಕೇಲಿಟ್ಟು ಗೀಟೆಳೆದು ಮಾಡಿದ ಪೋಲ್ಡರು ಇದು.
ಹೊಲವೆಂದರೆ ಚೌಕ, ಕಾಲುವೆಯೆಂದರೆ ಗೆರೆ,
ಪಾಪ್ಲರ್ ಮರಗಳೂ ಶಾಲೆಯ ಪ್ರಾರ್ಥನೆಗೆ ನಿಂತಂತೆ.
'ದೇವರು ಮಾಡಿದ್ದಲ್ಲ, ಇಲಾಖೆ ಮಾಡಿದ್ದು'
ಎನ್ನುತ್ತಿದ್ದಳು ಅಮ್ಮ.
ಅವಳು ಬಂದ ವರ್ಷ ಇಲ್ಲಿ
ಹಕ್ಕಿಗೆ ಕೂರಲು ಒಂದು ಕೊಂಬೆ ಇರಲಿಲ್ಲವಂತೆ.

ಹಾಗಾಗಿ ಚಿತ್ರ ಸಲೀಸು.
ಅಂಟುಪಟ್ಟಿ ಹಚ್ಚು, ಬಳಿ, ಕೀಳು.
ಒಣಗಿದ ಈರುಳ್ಳಿ ಹೊಲಕ್ಕೆ ಬರೀ ಗೋಪಿ.
ಗೋಪಿಗೆ ಚಿಟಿಕೆ ಕಪ್ಪು ಕಲಸಿದರೆ
ಎಲ್ಲಿತ್ತೋ, ಹಸಿರು ಏಳುತ್ತದೆ,
ಮಂಕು ಹಸಿರು, ಆಲೂಗಡ್ಡೆಯ ಎಲೆಗೆ ಸಾಕು.
ಕಾಲುವೆಗೆ ಕಪ್ಪು.
ಒಂಬತ್ತು ಹೊಲ, ಒಂಬತ್ತು ಚೌಕ,
ಮೂಲೆಮಟ್ಟ ಹಿಡಿದು ನೋಡಿದರೂ ತಪ್ಪಿಲ್ಲ.

ಮೊಟ್ಟೆ ಕೊಡಲು ಬಂದ ಸೈಬ್ರಂಡ್
ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತು ನೋಡಿದ,
ಕೊಳ್ಳುವ ಮುಂಚೆ ಹಸುವನ್ನು ನೋಡುವಂತೆ.
"ಆರನೆಯದು ನನ್ನದು," ಎಂದ.
"ಅದು ಅಷ್ಟು ನೆಟ್ಟಗಿಲ್ಲ.
ಪೂರ್ವದ ಬದಿಗೆ ಟ್ರ್ಯಾಕ್ಟರು ಸುತ್ತಿ ಹೋಗಬೇಕು.
ಕೆಳಗೆ ಹಡಗಿದೆಯಲ್ಲ."

ಗೊತ್ತಿತ್ತು. ಕಂಬ ನೆಟ್ಟಿದ್ದಾರೆ.
ಅವನಪ್ಪನ ನೇಗಿಲಿಗೆ ಮೊದಲು ಸಿಕ್ಕಿದ್ದು ಒಂದು ಹಲಗೆ,
ಆಮೇಲೆ ಗಂಜಿಯ ಮಡಕೆ, ಮಗುವಿನ ಒಂಟಿ ಬೂಟು.
ಬಂದವರು ಅಳೆದರು, ಬರೆದುಕೊಂಡರು,
ಗಾಳಿ ತಾಗಿದರೆ ಮರ ಪುಡಿಯಾಗುತ್ತದೆಂದು
ಮತ್ತೆ ಮಣ್ಣು ಮುಚ್ಚಿದರು.
ಅಂದಿನಿಂದ ಈರುಳ್ಳಿ ಸಾಲು
ಅಲ್ಲಿಗೆ ಬಂದಾಗ ತುಸು ಸರಿಯುತ್ತದೆ,
ಮಲಗಿದವರ ಕಾಲು ದಾಟದೆ
ಬಳಸಿ ಹೋಗುವವರಂತೆ.

ಅವನು ಹೋದ ಮೇಲೆ ಚಾಕು ತೆಗೆದು
ಆರನೆಯ ಚೌಕದ ಅಂಚು ಕೆರೆದೆ.
ಅಂಟುಪಟ್ಟಿ ಬಾಗುವುದಿಲ್ಲ;
ಬರಿಗೈಯಲ್ಲೇ ಬಾಗಿಸಿದೆ. ಮೂರು ಸಲ ಕೆಟ್ಟಿತು.
ಉಳಿದ ಹೆಬ್ಬೆರಳಗಲದ ಜಾಗಕ್ಕೆ
ತಟ್ಟೆಯ ಕಪ್ಪು ಬಿಳಿ ಬಳಿದು ಕಲಸಿ
ಬೂದಿ ಬಣ್ಣ ತುಂಬಿದೆ.

ಬೆಳಿಗ್ಗೆ ಕಾಫಿ ಹಿಡಿದು ಬಂದರೆ
ಗೋಪಿಯ ಮಗ್ಗುಲಲ್ಲಿ ಆ ಬೂದಿ
ನೀಲಿಯಾಗಿ ಕೂತಿದೆ.
ಹೋಗಿ ಡ್ರಾಯರು ಎಳೆದೆ.
ಚಮಚಗಳ ಕೆಳಗೆ ಟ್ಯೂಬು ಹಾಗೇ ಇತ್ತು,
ಮುಚ್ಚಳದ ಸೀಲು ಒಡೆದಿರಲಿಲ್ಲ.