ಒಂದೇ ದಿಕ್ಕಿನ ಟಿಕೀಟು

ಕಾಜುಬಾಗದ ನನ್ನ ಅಂಗಡಿಯಲ್ಲಿ ದಿನಾ ಮಾರುವುದು
ಹುಬ್ಬಳ್ಳಿ ಸ್ಲೀಪರು, ಮುಂಬಯಿ ವೇಟಿಂಗ್ ಲಿಸ್ಟು.
ಬೈತಖೋಲದ ಶೇವಂತಿ ಹರಿಕಂತ್ರ ಬಂದು
ಕುರ್ಚಿಯ ತುದಿಗೆ ಕೂತು ಕೇಳಿದಳು:
'ಭೂಮಿ ಒಂದು ಸುತ್ತಿಗೆ ಎಷ್ಟಾಗ್ತದೆ?'

ಜೂನ್ ಒಂದಕ್ಕೆ ಬೋಟು ದಡಕ್ಕೆ, ಬಲೆ ಅಟ್ಟಕ್ಕೆ.
ಅರವತ್ತೊಂದು ದಿನ ಮೀನಿಲ್ಲ, ವ್ಯಾಪಾರವಿಲ್ಲ.
ಅಷ್ಟರೊಳಗೆ ಮುಗಿಯಬೇಕು ಭೂಮಿ.

ನಿಯಮ ಓದಿ ಹೇಳಿದೆ: ಒಂದೇ ದಿಕ್ಕು,
ಹೊರಟ ಮೇಲೆ ಹಿಂದಕ್ಕೆ ತಿರುಗುವಂತಿಲ್ಲ,
ಎರಡು ಸಾಗರ ದಾಟಲೇಬೇಕು.
'ದಾಟುವಾ' ಎಂದಳು, ಕಾಳಿ ಹೊಳೆಯ ಮಾತೋ ಎಂಬಂತೆ.

ಊರು ಆರಿಸಿದ್ದು ಮೀನಿನ ಮೇಲೆ.
ಟೋಕಿಯೋದ ಹರಾಜು ನೋಡಬೇಕು.
ಲಿಮಾದಲ್ಲಿ ಹಸಿಮೀನಿಗೆ ಲಿಂಬೆ ಹಿಂಡಿ ತಿನ್ನುತ್ತಾರಂತೆ, ನಿಜವೋ?
ಲಿಸ್ಬನ್ನಿನ ಬೀದಿಯಲ್ಲಿ ತಾರ್ಲೆ ಸುಡುತ್ತಾರಂತೆ,
'ಖಾರ ಸಾಲಲಿಕ್ಕಿಲ್ಲ, ಪುಡಿ ಕಟ್ಟಿಕೊಳ್ತೇನೆ.'
ಪ್ಯಾರಿಸ್ ಎಂದೆ. ಸಮುದ್ರ ಉಂಟೋ? ಇಲ್ಲ. ಬಿಡು.

ಪೂರ್ವಕ್ಕೇ ಹೋದರೆ ನಡುಗಡಲಲ್ಲಿ
ಒಂದು ದಿನ ಎರಡು ಸಲ ಬರುತ್ತದೆ ಎಂದೆ.
ಬೆರಳು ಮಡಚಿ ಎಣಿಸಿದಳು.
'ಸೋಮವಾರ ಬೇಡ ಮಾರಾಯ,
ಎರಡೆರಡು ದಿನ ಮೀನು ಬಿಟ್ಟಿರಲಿಕ್ಕಾಗ್ತದಾ?'
ತಾರೀಖು ಸರಿಸಿದೆ. ಏಳು ಸಾವಿರ ಹೆಚ್ಚಾಯಿತು.
ಬುಧವಾರ ಎರಡು.

ನೋಟಿನ ಕಂತೆಗೆ ಒಣಸಿಗಡಿಯ ವಾಸನೆ.
ಎಣಿಸುತ್ತ ನಡುವೆ ನಿಲ್ಲಿಸಿದಳು:
'ಕೊನೆಗೆ ಬರೋದು ಅತ್ತಲಿಂದ ತಾನೆ?'
ಕೈ ತೋರಿದ್ದು ದೀಪಸ್ತಂಭದ ಆಚೆ, ಸೂರ್ಯ ಇಳಿಯುವಲ್ಲಿಗೆ.
'ಅಲ್ಲಿಂದ ನಮ್ಮ ದಡ ಹೇಗೆ ಕಾಣ್ತದೆಂದು
ಗಂಡಸರಿಗೆಲ್ಲ ಗೊತ್ತು.
ನಾನು ಬುಟ್ಟಿ ಹಿಡಿದು ದಡದಲ್ಲೇ ನಿಂತವಳು.'

ಕಿಟಕಿ ಸೀಟು ಹಾಕಿದೆ,
ಗೋವೆಗೆ ಇಳಿಯುವಾಗ ಕಾರವಾರ ಬಲಕ್ಕೆ.
ಜುಲೈ ಕೊನೆ, ಬರೀ ಮೋಡ ಇರುತ್ತದೆ.
ಹೇಳಲಿಲ್ಲ.