ತಿದ್ದುಗೆರೆ

ಮಂಗಳವಾರ, ಗುರುವಾರ, ಬೆಳಿಗ್ಗೆ ಎಂಟಕ್ಕೆ ಜ್ಯಾಮಿತಿ.
ನಾರ್ತ್ ಡಕೋಟಾದ ಈ ಕಾಲೇಜಿನ ಮೂರನೆಯ ಮಹಡಿಯಲ್ಲಿ
ಹನ್ನೊಂದು ಜನ, ಹನ್ನೊಂದು ದಪ್ಪ ಕೋಟು,
ನಿದ್ದೆ ತಿಳಿಯದ ಕಣ್ಣು.
ಎರಡು ವರ್ಷ ಕಳೆದರೆ ಇವರೇ ಮೇಷ್ಟ್ರುಗಳು,
ಒಬ್ಬೊಬ್ಬರ ಎದುರೂ ಒಂದೊಂದು ಕೋಣೆ ತುಂಬ ಮಕ್ಕಳು.
ಅದನ್ನು ನೆನೆದಾಗ ಸೀಮೆಸುಣ್ಣ
ಬೆರಳಲ್ಲಿ ತುಸು ಭಾರವಾಗುತ್ತದೆ.

ಮೊದಲ ವಾರವೇ ಒಂದು ಮೋಸ ಮಾಡುತ್ತೇನೆ.
‘ಎಲ್ಲ ತ್ರಿಭುಜಗಳೂ ಸಮದ್ವಿಬಾಹು’ ಎಂದು ಬರೆದು
ಗಂಭೀರವಾಗಿ ಸಾಧಿಸಿಯೂ ತೋರಿಸುತ್ತೇನೆ.
ಕೋನ ಅರ್ಧಿಸು, ಲಂಬ ಇಳಿಸು,
ಸರ್ವಸಮ, ಮತ್ತೆ ಸರ್ವಸಮ, ಮುಗಿಯಿತು.
ಹನ್ನೊಂದು ಪೆನ್ನುಗಳೂ ಇಳಿಸಿಕೊಂಡವು.
ಎಲ್ಡನ್ ರೀಮರ್ ಅಡಿಯಲ್ಲಿ ಎರಡು ಗೆರೆ ಬೇರೆ ಎಳೆದ.
ಅಳತೆಪಟ್ಟಿ ಕೈಯಲ್ಲೇ ಇತ್ತು. ಯಾರೂ ಅಳೆಯಲಿಲ್ಲ.

ತಪ್ಪು ಹುಡುಕಲು ಎರಡು ತರಗತಿ ಹಿಡಿಯಿತು.
ಗೆರೆಗಳು ಕೂಡುವ ಬಿಂದುವನ್ನು
ನಾನು ತ್ರಿಭುಜದ ಒಳಗೆ ಕೂರಿಸಿದ್ದೆ.
ಅದು ಹೊರಗಿನದು.
“ಇದು ಅನ್ಯಾಯ” ಅಂದಳು ಸಿಗ್ರಿಡ್ ಟ್ವೇಟನ್,
“ಟೀಚರ್ ಬರೆದದ್ದನ್ನು ನಂಬುವುದಕ್ಕೇ ಅಲ್ಲವೆ ನಾವು ಫೀಸು ಕಟ್ಟಿದ್ದು?”
ಆಮೇಲೆ ತಾನೇ ನಕ್ಕಳು, ಅರ್ಧ.

ಅಕ್ಟೋಬರಿನಲ್ಲಿ ಸಮಾಂತರಕ್ಕೆ ಬಂದೆವು.
ಈ ಸೀಮೆಯವರಿಗೆ ಅದನ್ನು ಹೇಳಿಕೊಡುವುದೇನಿದೆ!
ಕಿಟಕಿಯಾಚೆ ಗೋದಿಯ ಕೂಳೆ, ಕಣ್ಣು ಸೋಲುವ ತನಕ ಮಟ್ಟಸ,
ಮೈಲಿಗೊಂದು ರಸ್ತೆ, ನೂಲು ಹಿಡಿದು ಎಳೆದ ಹಾಗೆ.
“ನೋಡಿ, ಎಷ್ಟು ದೂರ ಹೋದರೂ ಸೇರುವುದಿಲ್ಲ” ಅಂದೆ.

ಹಿಂದಿನ ಸಾಲಿನಲ್ಲಿ ಡೆಲ್ಮರ್ ಶಿಮ್ಕೆ,
ಹಾಜರಿಗೆ ಬಿಟ್ಟರೆ ಬಾಯಿ ತೆರೆಯದವನು.
ಕೈ ಎತ್ತಲಿಲ್ಲ. ಮೇಜಿಗೆ ಹೇಳಿದ:
“ನಮ್ಮ ಕಡೆ ಸೇರುತ್ತವೆ.”

ಯಾರೋ ಕಿಸಕ್ಕೆಂದರು.

“ಉತ್ತರಕ್ಕೆ ಹೋಗುವ ರಸ್ತೆಗಳು.
ಹೋಗ್ತಾ ಹೋಗ್ತಾ ಹತ್ತಿರ ಆಗ್ತಾವೆ, ಭೂಮಿ ಉರುಟಲ್ಲವೆ.
ಅದಕ್ಕೇ ಇಪ್ಪತ್ನಾಲ್ಕು ಮೈಲಿಗೊಮ್ಮೆ ರಸ್ತೆ ತುಂಡಾಗಿ
ಪಕ್ಕಕ್ಕೆ ಸರಿದು ಮತ್ತೆ ಹೊರಡುತ್ತೆ. ತಿದ್ದುಗೆರೆ ಅಂತಾರೆ.
ನಮ್ಮಣ್ಣ ಅಲ್ಲಿ ತಿರುಗಲಿಲ್ಲ.
ಜನವರಿ. ಬಿದ್ದ ಹಿಮ ಎದ್ದು ಬೀಸ್ತಿತ್ತು.
ನೇರ ಹೋದ.”

ಕೇಳಬೇಕಾದದ್ದನ್ನು ಕೇಳಲು ನನಗೆ ನಾಲಿಗೆ ಹೊರಳಲಿಲ್ಲ.
ಅವನೇ ಅಂದ: “ಈಗ ಬೀಟ್ ಸಕ್ಕರೆ ಕಾರ್ಖಾನೆಯಲ್ಲಿ
ಲಾರಿಗಳ ತೂಕ ಬರೀತಾನೆ. ಕೂತು ಮಾಡುವ ಕೆಲಸ.”

ಇಪ್ಪತ್ತೆರಡು ವರ್ಷ ಅಂಥ ತಿರುವುಗಳಲ್ಲಿ
ನಾನೂ ಸ್ಟಿಯರಿಂಗ್ ತಿರುಗಿಸಿದ್ದೇನೆ,
ಹಳೆಯ ಕಾಲದ ಯಾವನೋ ಸರ್ವೆಯವನ ಕೈ ಜಾರಿರಬೇಕು ಅಂದುಕೊಂಡು.
ಹನ್ನೊಂದು ಪೆನ್ನುಗಳ ಪಕ್ಕ ಹನ್ನೆರಡನೆಯದು, ನನ್ನದು.

ಸಿಗ್ರಿಡ್ ಚೀಲದಿಂದ ಕಿತ್ತಳೆ ತೆಗೆದಳು.
ತೊಟ್ಟಿನಿಂದ ಕೆಳಕ್ಕೆ ಗೆರೆ ಎಳೆದೆವು.
ಸೊಂಟದಲ್ಲಿ ದೂರ, ತೊಟ್ಟಿನಲ್ಲಿ ಒಂದೇ ಚುಕ್ಕೆ.
ಆ ದಿನದ ಪಾಠ ಮುಗಿಯಲಿಲ್ಲ.
ಹಣ್ಣನ್ನು ಯಾರು ತಿಂದರೋ ಗೊತ್ತಿಲ್ಲ;
ಮೇಜಿನ ಮೇಲೆ ನೀಲಿ ಶಾಯಿಯ ಸಿಪ್ಪೆ ಉಳಿಯಿತು.

ವಸಂತದಲ್ಲಿ ಡೆಲ್ಮರನ ಅಭ್ಯಾಸ ಪಾಠ. ಎಂಟನೆಯ ತರಗತಿ.
ನಾನು ಹಿಂದೆ, ಮಕ್ಕಳ ಗಾತ್ರದ ಕುರ್ಚಿಯಲ್ಲಿ,
ಮೊಣಕಾಲ ಮೇಲೆ ಅಂಕ ಹಾಕುವ ಹಾಳೆ.
‘ಸಮಾಂತರ ರೇಖೆಗಳು ಎಂದೂ ಸೇರುವುದಿಲ್ಲ’ ಎಂದು ಬರೆದ.
ನಿಂತ. ಮುಂದುಗಡೆ ಸಣ್ಣಕ್ಷರದಲ್ಲಿ ಸೇರಿಸಿದ:
‘ಮಟ್ಟಸವಾದ ನೆಲದ ಮೇಲೆ’.

ಹಲ್ಲಿಗೆ ತಂತಿ ಕಟ್ಟಿದ ಹುಡುಗಿಯೊಬ್ಬಳು ಕೇಳಿದಳು:
“ಅಂಥ ನೆಲ ಎಲ್ಲಿದೆ?”

ಅವನು ನನ್ನತ್ತ ನೋಡಿದ.
ನಾನು ಏನೋ ಬರೆಯುತ್ತಿರುವವಳ ಹಾಗೆ
ತಲೆ ತಗ್ಗಿಸಿದೆ.